‘ಕೂತ್ಕೊಳ್ಳಿ, ಬರುತ್ತೆ’

ಸ್ಪೇನಿನ ಸಂತಿಯಾಗೊ ಕಡೆಗೆ ಹೋಗುವ ಫ್ರಾನ್ಸಿನ ಹಳೆಯ ಕಾಲ್ನಡಿಗೆ ಯಾತ್ರಾದಾರಿಯಲ್ಲಿ, ಬೆಸ್ಸುಎಜೂಲ್ ಎಂಬ ಹಳ್ಳಿಯ ಚರ್ಚಿನ ಗಂಟೆಗೋಪುರದಲ್ಲಿ, ಮೇಲಿನ ಪುಟ್ಟ ಚಾಪೆಲ್‌ನೊಳಗೆ, ಈ ವಾರ ನಡೆದದ್ದು ಒಂದು ನಿಮಿಷದ ಮಾತು. ಬೆನ್ನಿಗೆ ದೊಡ್ಡ ಚೀಲ ಹೊತ್ತ ಹುಡುಗನೊಬ್ಬ ಸವೆದ ಕಲ್ಲುಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲೇ ನಿಂತು ಇಣುಕಿ, ‘ಇಲ್ಲೇನೂ ಇಲ್ಲ, ಬರೀ ಕತ್ತಲೆ’ ಎಂದು ಕೆಳಗಿದ್ದ ಗೆಳೆಯನಿಗೆ ಕೂಗಿದ. ಮೂಲೆಯಲ್ಲಿ ಹೂದಾನಿಯ ನೀರು ಬದಲಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಅಂದರು: ‘ಕೂತ್ಕೊಳ್ಳಿ, ಬರುತ್ತೆ.’ ಹುಡುಗ ಮೊಬೈಲಿನ ಟಾರ್ಚ್ ಹಾಕಿ ಗೋಡೆಯ ಮೇಲೆ ಎರಡು ಸಲ ಆಡಿಸಿ, ಒಂದು ಫೋಟೊ ತೆಗೆದು ಇಳಿದುಹೋದ.

ಅವನು ನೋಡದೆ ಬಿಟ್ಟುಹೋದದ್ದು 11ನೇ ಶತಮಾನದ ಕಲ್ಲಿನ ಬಲಿಪೀಠವನ್ನು. ಅದರ ಮೈತುಂಬ ಮೂರೆಳೆಯ ಹೆಣಿಗೆ, ಎಲೆಗಳ ಸಾಲು. ಪಕ್ಕದಲ್ಲಿ ಘಟಸರ್ಪವನ್ನು ತುಳಿದ ದೇವದೂತ ಮಿಖಾಯೇಲ, ಇನ್ನೊಂದು ಬದಿಗೆ ಗೇಬ್ರಿಯಲ್. ಕೆಳಗಿನ ಚರ್ಚನ್ನು ಆಮೇಲೆ ಬೇರೆಯಾಗಿ ಕಟ್ಟಿದ್ದಾರೆ, ಈ ಗೋಪುರ ಮಾತ್ರ ಹಳೆಯದಾಗಿಯೇ ಉಳಿದಿದೆ. ಲ ಪ್ವಿಯಿಂದ ಕೊಂಕ್‌ವರೆಗಿನ ಸುಮಾರು 200 ಕಿಲೋಮೀಟರ್ ದಾರಿಯಲ್ಲಿ ಒಂದೇ ಒಂದು ಕೋಣೆ ನೋಡುವಷ್ಟು ಹೊತ್ತಿದ್ದರೆ ಇದನ್ನೇ ನೋಡಿ ಎಂದು ಹೇಳುತ್ತೇನೆ. ಎಸ್ಪಾಲಿಯೊಂ ಊರಿನಿಂದ ಒಂದು ಗಂಟೆಯೊಳಗಿನ ನಡಿಗೆ.

ಅಜ್ಜಿಯ ‘ಬರುತ್ತೆ’ ಭಕ್ತಿಯ ಮಾತೋ ಅನುಭವದ ಮಾತೋ ಗೊತ್ತಿಲ್ಲ. ಕಣ್ಣಿನ ಲೆಕ್ಕದಲ್ಲಂತೂ ಅದು ಅಕ್ಷರಶಃ ನಿಜ. ಬಿಸಿಲಿನಿಂದ ಒಳಗೆ ಬಂದಾಗ ಪಾಪೆ ಕೆಲವು ಸೆಕೆಂಡುಗಳಲ್ಲಿ ಹಿಗ್ಗುತ್ತದೆ. ಆದರೆ ಅಕ್ಷಿಪಟದ ಕೋಶಗಳು ಮಂದ ಬೆಳಕಿಗೆ ಒಗ್ಗಲು ಅದಕ್ಕಿಂತ ಎಷ್ಟೋ ಹೊತ್ತು ಬೇಕು. ಮೊದಲ ಐದು ಹತ್ತು ನಿಮಿಷದಲ್ಲಿ ದೊಡ್ಡ ಆಕಾರಗಳು ಕಾಣುತ್ತವೆ, ಕಣ್ಣು ಪೂರ್ತಿ ಹೊಂದಿಕೊಳ್ಳುವುದು 20ರಿಂದ 30 ನಿಮಿಷಕ್ಕೆ. ನಡುವೆ ಟಾರ್ಚ್ ಹಾಕಿದರೆ ಕೂತದ್ದೆಲ್ಲ ವ್ಯರ್ಥ, ಮತ್ತೆ ಮೊದಲಿಂದ ಶುರು. ಇನ್ನೊಂದು ತೊಂದರೆಯೂ ಇದೆ: ನೇರ ಎದುರಿನಿಂದ ಬಿದ್ದ ಬೆಳಕು ಉಬ್ಬುಶಿಲ್ಪದ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಹುಡುಗನ ಫೋಟೊದಲ್ಲಿ ಆ ಹೆಣಿಗೆ ಚಪ್ಪಟೆ ಗೀರಿನಂತೆ ಬಂದಿರುತ್ತದೆ. ಚೀಲ ಕೆಳಗಿಟ್ಟು, ಕಿಟಕಿಗೆ ಬೆನ್ನು ಮಾಡಿ, ಬಲಿಪೀಠವನ್ನು ಓರೆಯಿಂದ ನೋಡುವ ಹಾಗೆ ಕೂರಬೇಕು. ಆಗ ಒಂದೊಂದು ಎಳೆಯೂ ಇನ್ನೊಂದರ ಅಡಿಯಲ್ಲಿ ನುಸುಳಿ ಮೇಲೇಳುವುದು ಕಾಣುತ್ತದೆ.

ಕತ್ತಲೆ ಈ ಚರ್ಚುಗಳ ಬಡತನವಲ್ಲ. 11, 12ನೇ ಶತಮಾನದ ಕಟ್ಟಡಗಾರರು ಮರದ ಮಾಡು ಬೆಂಕಿಗೆ ಆಹುತಿಯಾಗುವುದನ್ನು ಕಂಡು ಕಂಡು ಕಲ್ಲಿನ ಕಮಾನು ಚಾವಣಿಗೆ ಬಂದರು. ಅಂಥ ಚಾವಣಿ ಉದ್ದಕ್ಕೂ ಎರಡೂ ಗೋಡೆಗಳನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ. ತಡೆಯಬೇಕೆಂದರೆ ಗೋಡೆ ದಪ್ಪಗಿರಬೇಕು, ಗೋಡೆಯಲ್ಲಿ ತೂತು ಕಡಿಮೆಯಿರಬೇಕು. ಆದ್ದರಿಂದ ಹೊರಗೆ ಕಿರಿದಾಗಿ ಒಳಗೆ ಅಗಲವಾಗುವ ಸಣ್ಣ ಕಿಟಕಿಗಳು. ಬೆಳಕು ಒಳಬದಿಯ ಇಳಿಜಾರು ಕಲ್ಲಿಗೆ ತಾಗಿ ಚದುರಿ ಬರುತ್ತದೆ. ಶಿಲ್ಪಿಗಳು ಕಂಬದ ತಲೆಗಳನ್ನು ಅಷ್ಟು ಆಳವಾಗಿ ಕೊರೆದದ್ದು ಈ ಬೆಳಕನ್ನು ನಂಬಿ. ಸ್ವಿಚ್ ಒತ್ತಿ ಬಲ್ಬ್ ಉರಿಸಿದರೆ ಅವರ ಲೆಕ್ಕ ತಪ್ಪುತ್ತದೆ.

ಆ ಹುಡುಗನನ್ನು ಬೈಯಲು ಮನಸ್ಸಿಲ್ಲ. ಅವನ ಅವಸರದ ಬೇರು ಸಂಜೆಯ ಹಾಸಿಗೆಯಲ್ಲಿದೆ. ಈ ದಾರಿಯ ತಂಗುಮನೆಗಳನ್ನು ಜೀತ್ ಎನ್ನುತ್ತಾರೆ. ಮೇ ತಿಂಗಳಲ್ಲಿ ರಜೆಗಳು ಒಂದರ ಹಿಂದೊಂದು ಬಂದಾಗ ಅವು ತುಂಬಿಹೋಗುತ್ತವೆ. ಕಾದಿರಿಸದೆ ಹೊರಟವರು ಮಧ್ಯಾಹ್ನದೊಳಗೆ ಮುಂದಿನ ಊರು ಸೇರಬೇಕೆಂದು ಓಡುತ್ತಾರೆ, ಓಡುವವರಿಗೆ ಚರ್ಚು ಬರೀ ಯಾತ್ರಾಪುಸ್ತಕಕ್ಕೆ ಮೊಹರು ಹಾಕಿಸುವ ಜಾಗ. ಒಂದೆರಡು ದಿನ ಮೊದಲು ಫೋನ್ ಮಾಡಿ ರಾತ್ರಿಯೂಟ, ಹಾಸಿಗೆ, ಬೆಳಗಿನ ತಿಂಡಿ ಮೂರನ್ನೂ ಒಟ್ಟಿಗೆ ಹೇಳಿಟ್ಟುಕೊಂಡರೆ ಇಡೀ ಹಗಲು ನಿಮ್ಮದು. ಬರಲಾಗದಿದ್ದರೆ ಫೋನ್ ಮಾಡಿ ಬಿಟ್ಟುಕೊಡಬೇಕು. ಹಾಗೆ ಮಾಡದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅವರು ಖಾಲಿ ಬಿಟ್ಟ ಹಾಸಿಗೆಗಾಗಿ ಇನ್ಯಾರೋ ಸಂಜೆ ಮಳೆಯಲ್ಲಿ ಆರೇಳು ಕಿಲೋಮೀಟರ್ ಹೆಚ್ಚು ನಡೆದಿರುತ್ತಾರೆ. ಚೀಲವನ್ನು ವ್ಯಾನಿನಲ್ಲಿ ಮುಂದಿನ ಊರಿಗೆ ಕಳಿಸುವವರನ್ನು ‘ನಿಜವಾದ ಯಾತ್ರಿಕರಲ್ಲ’ ಎನ್ನುವ ಮಂದಿಯೂ ಇದ್ದಾರೆ. ಅದು ತಪ್ಪು. ಹೊರೆ ಇಳಿಸಿದವರೇ ಎಷ್ಟೋ ಸಲ ಚರ್ಚಿನಲ್ಲಿ ಹೆಚ್ಚು ಹೊತ್ತು ಕೂರುತ್ತಾರೆ.

ದಿನದ ದೂರ ಹಂಚಿಕೊಳ್ಳುವುದರಲ್ಲೂ ಎಡವಟ್ಟಾಗುತ್ತದೆ. ಓಬ್ರಾಕ್ ಪ್ರಸ್ಥಭೂಮಿಯಿಂದ ಇಳಿದು ಬಂದ ಉತ್ಸಾಹದಲ್ಲಿ ಸೇಂ-ಕೋಮ್‌ನಿಂದ ಗೊಲಿನ್ಯಾಕ್‌ವರೆಗೆ ಒಂದೇ ದಿನಕ್ಕೆ ಹಾಕಿಕೊಳ್ಳುವವರಿದ್ದಾರೆ. ಅದು 30 ಕಿಲೋಮೀಟರ್ ಮೀರುತ್ತದೆ. ಎಸ್ಪಾಲಿಯೊಂ ಹೊರಗಿನ ಕೆಂಪು ಕಲ್ಲಿನ ಪೆರ್ಸ್ ಚಾಪೆಲ್, ಬೆಸ್ಸುಎಜೂಲ್, ಲೋಟ್ ನದಿಯ ಮೇಲಿನ ಎಸ್ತ್ಯಾಂ ಸೇತುವೆ ಎಲ್ಲವೂ ಆ ಓಟದ ನಡುವೆ ಸಿಗುತ್ತವೆ. ಸೇಂ-ಕೋಮ್‌ನಿಂದ ಎಸ್ತ್ಯಾಂವರೆಗಿನ ತುಂಡನ್ನು ಯುನೆಸ್ಕೊ 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ಫ್ರಾನ್ಸಿನ ಯಾತ್ರಾದಾರಿಗಳಲ್ಲಿ ಹಾಗೆ ಗುರುತಿಸಿದ ಏಳು ತುಂಡುಗಳಲ್ಲಿ ಅದೂ ಒಂದು. ಎಸ್ತ್ಯಾಂನಲ್ಲೇ ತಂಗುವುದು ಜಾಣತನ. ಬೆಸ್ಸುಎಜೂಲ್ ದಾಟಿದ ಕೂಡಲೇ ಕಾಡಿನಲ್ಲಿ ಕಡಿದಾದ ಏರು, ಮಳೆ ಬಂದರೆ ಬೂಟಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಜಾರುತ್ತದೆ. ಕೋಲು ಎರಡಿದ್ದರೆ ಒಳ್ಳೆಯದು.

ದಾರಿಯ ಗುರುತು ಮೇಲೆ ಬಿಳಿ, ಕೆಳಗೆ ಕೆಂಪು ಪಟ್ಟಿ. ಅವೇ ಬಣ್ಣಗಳು ಒಂದನ್ನೊಂದು ಕತ್ತರಿಸಿದ್ದರೆ ಆ ಕಡೆ ಹೋಗಬಾರದೆಂದು ಅರ್ಥ. ನೀರು ಮುಗಿದರೆ ಹಳ್ಳಿಯ ಸ್ಮಶಾನ ಹುಡುಕಿ. ಹೂಗಿಡಗಳಿಗೆಂದು ನಲ್ಲಿ ಇಟ್ಟಿರುತ್ತಾರೆ. ಕುಡಿಯಬಾರದು ಎಂಬ ಫಲಕ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಸೋಮವಾರ ಹಲವು ಕಡೆ ತೆರೆಯುವುದೇ ಇಲ್ಲ, ಬ್ರೆಡ್ಡು ಹಿಂದಿನ ದಿನವೇ ಕೊಂಡಿಡಬೇಕು. ಚರ್ಚಿನ ಬಾಗಿಲು ಬೀಗ ಹಾಕಿದಂತೆ ಕಂಡರೂ ಭುಜ ಕೊಟ್ಟು ತಳ್ಳಿ ನೋಡಬೇಕು. ಹಳೆಯ ಮರ ತೇವಕ್ಕೆ ಉಬ್ಬಿ ಕಚ್ಚಿಕೊಂಡಿರುತ್ತದೆ. ನಿಜವಾಗಿ ಬೀಗವಿದ್ದರೆ ಊರಿನ ಪುರಸಭೆಯ ಕಚೇರಿಯಲ್ಲೋ ಪಕ್ಕದ ಮನೆಯಲ್ಲೋ ಕೀಲಿ ಕೇಳಿ. ಕೀಲಿ ಇಟ್ಟುಕೊಂಡಿರುವವರು ಸಾಮಾನ್ಯವಾಗಿ ಆ ಹೂದಾನಿಯ ಅಜ್ಜಿಯಂಥವರು. ಅವರಷ್ಟು ಆ ಕಟ್ಟಡವನ್ನು ಬಲ್ಲವರು ಇನ್ನೊಬ್ಬರಿಲ್ಲ: ಯಾವ ತಿಂಗಳಲ್ಲಿ, ಎಷ್ಟು ಗಂಟೆಗೆ, ಯಾವ ಕಂಬಕ್ಕೆ ಬಿಸಿಲು ಬೀಳುತ್ತದೆ ಎನ್ನುವುದು ಅವರಿಗೆ ಬಾಯಿಪಾಠ.

‘ಬರುತ್ತೆ’ ಎಂಬ ಮಾತು ಓಬ್ರಾಕ್‌ಗೂ ಸಲ್ಲುತ್ತದೆ. ಸುಮಾರು 1300 ಮೀಟರ್ ಎತ್ತರದ ಆ ಹುಲ್ಲುಗಾವಲಿನಲ್ಲಿ ಮರ ಕಡಿಮೆ, ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ಗುರುತು ಕಾಣುವುದಿಲ್ಲ. 12ನೇ ಶತಮಾನದಲ್ಲಿ ಫ್ಲಾಂಡರ್ಸಿನ ಅಡಲಾರ್ಡ್ ಎಂಬ ಶ್ರೀಮಂತ ಇಲ್ಲಿ ಯಾತ್ರಿಕರಿಗಾಗಿ ಆಶ್ರಯಮನೆ ಕಟ್ಟಿಸಿದ. ಅಲ್ಲಿ ಮಂಜಿನಲ್ಲೂ ಹಿಮಪಾತದಲ್ಲೂ ದಾರಿ ತಪ್ಪಿದವರನ್ನು ಕರೆಯಲು ಗಂಟೆ ಬಾರಿಸುತ್ತಿದ್ದರು, ಅದಕ್ಕೆ ‘ಕಳೆದುಹೋದವರ ಗಂಟೆ’ ಎಂದೇ ಹೆಸರು. ಕಣ್ಣು ಸೋತ ಕಡೆ ಕಿವಿಗೆ ದಾರಿ ತೋರಿಸುವ ಕಟ್ಟಡ. ಈಗಲೂ ಮಂಜು ಕವಿದರೆ ತಂತಿಬೇಲಿ ಬಿಟ್ಟು ಅಲ್ಲಾಡಬಾರದು, ದಾಟಿದ ಗೇಟನ್ನು ಮುಚ್ಚದೆ ಬಿಡಬಾರದು. ದನಗಳು ಬೇಸಿಗೆಯಿಡೀ ಅಲ್ಲೇ ಮೇಯುತ್ತವೆ.

ಕೊಂಕ್‌ಗೆ ಬಂದರೆ ಅಜ್ಜಿಯ ಮಾತೇ ಮತ್ತೆ. ಸೇಂತ್ ಫ್ವಾ ಎಂಬ ಸಂತಳ ಹೆಸರಿನ ಚರ್ಚಿನ 22 ಮೀಟರ್ ಎತ್ತರದ ನಡುಸಾಲಿಗೆ ನೇರ ಕಿಟಕಿಗಳಿಲ್ಲ. ಎರಡೂ ಪಕ್ಕದ ಮೇಲಂತಸ್ತಿನ ಅರೆಗಮಾನುಗಳು ಚಾವಣಿಯ ನೂಕನ್ನು ತಡೆದಿವೆ, ಬೆಳಕು ಅವುಗಳ ಹಿಂದಿನಿಂದ ಹಾದು ಬರುತ್ತದೆ. ಅಲ್ಲಿನ 104 ಕಿಟಕಿ, ಕಿಂಡಿಗಳಿಗೆ ಚಿತ್ರಕಾರ ಪಿಯೆರ್ ಸೂಲಾಜ್ ಮಾಡಿದ ಗಾಜು 1994ರಿಂದ ಇದೆ. ಅದಕ್ಕೆ ಬಣ್ಣವಿಲ್ಲ. ಬೆಳಕನ್ನು ಹಾಯಿಸುವ, ಆದರೆ ಹೊರಗಿನದನ್ನು ಕಾಣಗೊಡದ ಗಾಜಿಗಾಗಿ ಅವರು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಓರೆಯಾಗಿ ಸಾಗುವ ಕಪ್ಪು ಸೀಸದ ಗೆರೆಗಳ ನಡುವೆ ಹೊತ್ತು ಸರಿದಂತೆ ನೀಲಿ, ಕಿತ್ತಳೆ ಛಾಯೆಗಳು ತಾವಾಗಿ ಮೂಡಿ ಮರೆಯಾಗುತ್ತವೆ. ಊರಿನ ಕೆಲವರಿಗೆ ಆಗ ಇದು ಹಿಡಿಸಿರಲಿಲ್ಲ. ಆ ಕಲ್ಲಿಗೆ ಇದಕ್ಕಿಂತ ತಕ್ಕ ಗಾಜು ಬೇರೆ ಇರಲಾರದೆಂದು ನನ್ನ ಖಚಿತ ಅಭಿಪ್ರಾಯ. ಆದರೆ ಒಳಹೊಕ್ಕು ಹೊರಬಂದವರಿಗೆ ಅದು ಬರೀ ಮಸುಕು ಗಾಜು.

ಪಶ್ಚಿಮ ಬಾಗಿಲ ಮೇಲಿನ ಅಂತಿಮ ತೀರ್ಪಿನ ಶಿಲ್ಪದಲ್ಲಿ 124 ಆಕೃತಿಗಳಿವೆ. ಮಧ್ಯಾಹ್ನಕ್ಕೆ ಮೊದಲು ಅದು ನೆರಳಿನಲ್ಲಿರುತ್ತದೆ, ಬಿಸಿಲು ಬೀಳುವುದು ಹೊತ್ತು ವಾಲಿದ ಮೇಲೆ. ಗೊಲಿನ್ಯಾಕ್‌ನಿಂದ ಸುಮಾರು 21 ಕಿಲೋಮೀಟರ್ ನಡೆದು ಬರುವವರಿಗೆ ಈ ಹೊತ್ತು ಹೇಳಿಮಾಡಿಸಿದಂತಿದೆ. ಕೊನೆಯ ಇಳಿಜಾರಿನ ಪದರುಗಲ್ಲು ಮಾತ್ರ ಒದ್ದೆಯಿದ್ದರೆ ತುಂಬ ಜಾರುತ್ತದೆ. ಶಿಲ್ಪದ ಎಡಭಾಗದಲ್ಲಿ ಬಾಗಿ ಪ್ರಾರ್ಥಿಸುವ ಸೇಂತ್ ಫ್ವಾಳ ಕಡೆ ಮೇಲಿನಿಂದ ದೇವರ ಕೈ ಚಾಚಿದೆ. ಅವಳ ಹಿಂದಿನ ಕಮಾನುಗಳಲ್ಲಿ ಬಿಡುಗಡೆಯಾದ ಕೈದಿಗಳ ಬೇಡಿಗಳು ತೂಗುತ್ತಿವೆ. ಬಲಕ್ಕೆ ನರಕ. ಅಂಚಿನ ಪಟ್ಟಿಯ ಹಿಂದಿನಿಂದ ಇಣುಕುವ ಪುಟ್ಟ ಮುಖಗಳು ಕಣ್ಣಿಗೆ ಬೀಳಬೇಕೆಂದರೆ ಚೌಕದ ಕಲ್ಲುಕಟ್ಟೆಯ ಮೇಲೆ ಕೂತುಬಿಡುವುದೇ ಸರಿ.

ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಮಠದ ಸನ್ಯಾಸಿಯೊಬ್ಬರು ಈ ಶಿಲ್ಪವನ್ನು ನಿಂತು ವಿವರಿಸುವುದುಂಟು, ಆಮೇಲೆ ಆರ್ಗನ್ ನುಡಿಸುತ್ತಾರೆ, ಮೇಲಂತಸ್ತಿಗೂ ಬಿಡುತ್ತಾರೆ. ಕಂಬದ ತಲೆಗಳು ಎದುರೆದುರೇ ಸಿಗುವುದು ಅಲ್ಲಿ ಮಾತ್ರ. ಇದಿಷ್ಟೂ ಆಗಬೇಕಾದರೆ ಕೊಂಕ್‌ನಲ್ಲಿ ಎರಡು ರಾತ್ರಿ ತಂಗಬೇಕು. ಹಾಸಿಗೆಯನ್ನು ಲ ಪ್ವಿ ಬಿಡುವ ಮೊದಲೇ ಹೇಳಿಟ್ಟಿರಿ.