ಎಷ್ಟು ಬರಬೇಕ್ರಿ ಮೇಡಂ?

ಪುಣೆಯ ನನ್ನ ಲ್ಯಾಬಿಗೆ ಹೊಸದಾಗಿ ಬರುವ ಡಿಗ್ರಿ ಮಕ್ಕಳು ಕೇಳುವ ಪ್ರಶ್ನೆ ಇದು. ಬೆಳಗಾವಿ, ವಿಜಯಪುರ ಕಡೆಯವರು ಕನ್ನಡದಲ್ಲೇ ಕೇಳುತ್ತಾರೆ, ಉಳಿದವರು ಮರಾಠಿಯಲ್ಲಿ. ಅವರನ್ನು ದೂರುವಂತಿಲ್ಲ. ಪಿಯುಸಿ ಲ್ಯಾಬಿನಲ್ಲಿ ಲೋಲಕ ತೂಗಿಸಿದರೆ ಗುರುತ್ವಾಕರ್ಷಣೆಯ ಉತ್ತರ 9.8 ಬರಲೇಬೇಕು. ಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವುದು ಎಲ್ಲ ಕಡೆ ಇರುವ ರೂಢಿ.

ನಾವು ಮಿದುಳಿನ ಬಗ್ಗೆ ಕಲಿಯುವುದು ಹಣ್ಣಿನ ನೊಣದಿಂದ. ಮಾಗಿದ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಅದೇ. ಅದರ ಮಿದುಳಿನ ಪೂರ್ತಿ ನಕ್ಷೆ 2024ರಲ್ಲಿ ಪ್ರಕಟವಾಯಿತು. ಸುಮಾರು 1,39,000 ನರಕೋಶ, 5 ಕೋಟಿಗೂ ಜಾಸ್ತಿ ಸಂಪರ್ಕ. ಆದರೆ ನೊಣ ಏನು ಮಾಡುತ್ತದೆ ಅನ್ನೋದನ್ನು ಯಾರಾದರೂ ಕೂತು ನೋಡಲೇಬೇಕು. ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ 1970ರ ದಶಕದಲ್ಲಿ ವಿಜ್ಞಾನಿ ಒಬೈದ್ ಸಿದ್ದಿಕಿ ಮತ್ತು ಅವರ ವಿದ್ಯಾರ್ಥಿನಿ ವೆರೋನಿಕಾ ರೋಡ್ರಿಗ್ಸ್ ವಾಸನೆ ಸರಿಯಾಗಿ ತಿಳಿಯದ ನೊಣಗಳನ್ನು ಹುಡುಕಿದ್ದೂ ಹೀಗೆ ನೋಡಿಯೇ.

ಹೊಸಬರಿಗೆ ನಾನು ಹತ್ತುವ ಪರೀಕ್ಷೆ ಕೊಡುತ್ತೇನೆ. ನೊಣಗಳಿರುವ ಕೊಳವೆಯನ್ನು ಮೇಜಿಗೆ ತಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ, ಮತ್ತೆ ಮೇಲಕ್ಕೆ ಹತ್ತುತ್ತವೆ. 10 ಸೆಕೆಂಡಿನಲ್ಲಿ ಕೊಳವೆಯ ಮೇಲೆ ಎಳೆದ ಗೆರೆ ದಾಟಿದ್ದೆಷ್ಟು ಅಂತ ಎಣಿಸಬೇಕು. ವಯಸ್ಸಾದವು ಕಡಿಮೆ ಹತ್ತುತ್ತವೆ. ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಕೆಲವು ಜೀನ್ ಕೆಟ್ಟಿರುವ ನೊಣಗಳೂ ಅಷ್ಟೇ. ಸುಲಭ ಅಲ್ವಾ? ಹಾಗಾದರೆ ಗೆರೆಯ ಮೇಲೇ ಕೂತ ನೊಣವನ್ನು ಯಾವ ಕಡೆ ಸೇರಿಸ್ತೀರಿ? ಇದು ಜೀನ್ ಕೆಟ್ಟ ನೊಣ, ಇದು ಹತ್ತಲ್ಲ ಅಂತ ಮೇಡಂ ಹೇಳಿದ್ದಾರೆ ಅನ್ನೋದು ತಲೆಯಲ್ಲಿದ್ದರೆ ಕಣ್ಣು ತಾನಾಗಿ ಅದನ್ನು ಕೆಳಗೆ ಎಣಿಸುತ್ತದೆ. ಮೋಸ ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ. ಗುರುಗಳ ಮಾತು ಸುಳ್ಳಾಗಬಾರದು ಅನ್ನೋ ಮರ್ಯಾದೆ ನಮ್ಮ ಮಕ್ಕಳಲ್ಲಿ ಜಾಸ್ತಿ. ಲ್ಯಾಬಿನಲ್ಲಿ ಅದೇ ತೊಂದರೆ.

ಅದಕ್ಕೇ ನನ್ನ ಊಹೆಯನ್ನು ಅವರಿಗೆ ಹೇಳುವುದೇ ಇಲ್ಲ. ಕೊಳವೆಗಳ ಚೀಟಿ ತೆಗೆದು ಬರೀ ಅಂಕೆ ಹಾಕಿಸುತ್ತೇನೆ. ಯಾವ ಅಂಕೆ ಯಾವ ನೊಣ ಅನ್ನೋ ಪಟ್ಟಿ ಪಿಎಚ್‌ಡಿ ಹುಡುಗನೊಬ್ಬನ ಹತ್ತಿರ ಇರುತ್ತದೆ, ನನಗೂ ತೋರಿಸುವ ಹಾಗಿಲ್ಲ. ಗೆರೆ ಮುಟ್ಟಿದ್ದು ಲೆಕ್ಕಕ್ಕೆ ಬರುತ್ತೋ ಇಲ್ವೋ ಅಂತ ಮಕ್ಕಳೇ ಮೊದಲು ತೀರ್ಮಾನಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪೆನ್ಸಿಲ್ ಬಳಸುವಂತಿಲ್ಲ.

ಈ ಮಳೆಗಾಲದಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳ ಎಣಿಕೆ ಮುಗಿದು ಪಟ್ಟಿ ಬಿಚ್ಚಿದೆವು. ನಾನು ಅಂದುಕೊಂಡ ವ್ಯತ್ಯಾಸ ಇರಲೇ ಇಲ್ಲ. ‘ಸಾರಿ ಮೇಡಂ’ ಅಂದಳು. ಯಾಕಮ್ಮಾ ಸಾರಿ? ಸ್ವಲ್ಪ ಹೊತ್ತಿಗೆ ಅವಳೇ ಪುಟ ತಿರುವಿ, ‘ಎಲ್ಲಾ ಕೊಳವೆಯೊಳಗೂ ಸಂಜಿ ಮುಂದ ಜಾಸ್ತಿ ಹತ್ಯಾವ್ರಿ’ ಅಂತ ತೋರಿಸಿದಳು. ನೊಣ ಮುಂಜಾನೆ, ಸಂಜೆ ಚುರುಕಾಗಿರುವುದು ಹಳೆಯ ಸಂಗತಿ. 2017ರ ನೊಬೆಲ್ ಬಂದಿದ್ದೇ ಅದರ ದೇಹದ ಗಡಿಯಾರದ ಕೆಲಸಕ್ಕೆ. ಆದರೆ ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಈಗ ಅವಳ ಪ್ರಾಜೆಕ್ಟ್ ಅದೇ. ನನ್ನ ಪ್ರಶ್ನೆ ಮುಂದಿನ ಸೆಮಿಸ್ಟರ್‌ಗೆ ಹೋಯಿತು.