ಬಸಿರಿನ ಜೊತೆಗೊಂದು ನೀರುಗುಳ್ಳೆ

ಭ್ರೂಣದ ಲಿಂಗ ತಿಳಿಯಬಯಸುವುದಿಲ್ಲ ಎಂಬ ಘೋಷಣೆಗೆ ಸಹಿ ಹಾಕಿ ಸ್ಕ್ಯಾನಿಂಗ್ ಕೋಣೆಗೆ ಹೋದ ನನಗೆ ತಿಳಿಯಬೇಕಿದ್ದದ್ದು ಒಂದೇ: ಮಗುವಿನ ಎದೆ ಬಡಿಯುತ್ತಿದೆಯೇ? ಬಡಿಯುತ್ತಿತ್ತು. ಏಳನೇ ವಾರಕ್ಕೆ ತಕ್ಕ ಬೆಳವಣಿಗೆಯೂ ಇತ್ತು. ಆದರೆ ವರದಿಯ ಕೊನೆಯಲ್ಲಿ ಇನ್ನೊಂದು ಸಾಲು: ಬಲ ಅಂಡಾಶಯದಲ್ಲಿ 6 ಸೆಂಟಿಮೀಟರಿನ ಸಿಸ್ಟ್, ಅಂದರೆ ಚೀಲದಂಥ ಗುಳ್ಳೆ. ಸ್ಕ್ಯಾನ್ ಮಾಡಿದವರು ‘ನಿಮ್ಮ ಡಾಕ್ಟರಿಗೆ ತೋರಿಸಿ’ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಡಾಕ್ಟರು ಸಿಗುವುದು ಮರುದಿನ ಸಂಜೆಗೆ.

ಆ ರಾತ್ರಿ ಮನೆಯಲ್ಲಿ ಗಡ್ಡೆಯದೇ ಮಾತು. ಗಡ್ಡೆಯೆಂದು ಗರ್ಭಕೋಶವನ್ನೇ ತೆಗೆಸಿಕೊಂಡ ಹೆಂಗಸರು ನಮ್ಮ ಬಳಗದಲ್ಲಿ ಹಲವರಿದ್ದಾರೆ, ಅತ್ತೆಯ ತಂಗಿಯೂ ಅವರಲ್ಲೊಬ್ಬರು. ‘ಅದನ್ನು ತೆಗೆದರೆ ಮಗು ಉಳಿಯುತ್ತದೆಯೇನಮ್ಮ?’ ಎಂದು ಅತ್ತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಭಾಗ ಉಳಿಯುತ್ತದೆ. ಮಾಸು ಬೆಳೆದು ಕೆಲಸ ವಹಿಸಿಕೊಳ್ಳುವವರೆಗೆ ಬಸಿರು ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನು ಅಲ್ಲಿಂದಲೇ ಬರಬೇಕು. ಕೆಲವರಲ್ಲಿ ಅದರೊಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ನನ್ನದು ಅಂಥದ್ದೇ ಇರುವಂತೆ ಕಾಣುತ್ತದೆ, ಇವು ಹೆಚ್ಚಾಗಿ ನಾಲ್ಕನೇ ತಿಂಗಳ ಹೊತ್ತಿಗೆ ತಾವೇ ಕುಗ್ಗುತ್ತವೆ ಎಂದರು. ಈಗಲೇ ಕೈ ಹಾಕಿದರೆ ಗರ್ಭಪಾತದ ಅಪಾಯ. ನಾನು ರಾತ್ರಿಯಿಡೀ ಶಪಿಸಿದ್ದ ಗುಳ್ಳೆಯೇ ನನ್ನ ಮಗುವನ್ನು ಹಿಡಿದು ನಿಲ್ಲಿಸಿತ್ತು! ಇಷ್ಟನ್ನು ಸ್ಕ್ಯಾನಿಂಗ್ ಕೋಣೆಯಲ್ಲೇ ಯಾರಾದರೂ ಎರಡು ಮಾತಿನಲ್ಲಿ ಹೇಳಬಾರದಿತ್ತೇ ಎಂದು ಇಂದಿಗೂ ಅನಿಸುತ್ತದೆ.

ಬೆಂಗಳೂರಿನ ಬಂಧುವೊಬ್ಬರು ಅಂಡಾಶಯದ ಕ್ಯಾನ್ಸರಿನ ಸುಳಿವು ನೋಡುವ ಸಿಎ-125 ರಕ್ತಪರೀಕ್ಷೆ ಮಾಡಿಸಲೇಬೇಕೆಂದು ಪಟ್ಟು ಹಿಡಿದಿದ್ದರು. ಡಾಕ್ಟರು ಬೇಡವೆಂದರು: ಮೊದಲ ತಿಂಗಳುಗಳಲ್ಲಿ ಬಸಿರಿನಿಂದಲೇ ಆ ಅಂಕಿ ಏರಬಹುದು, ಸುಮ್ಮನೆ ಭಯ ಹೆಚ್ಚುತ್ತದೆ.

ನಿಜವಾಗಿ ಎಚ್ಚರವಿರಬೇಕಾದದ್ದು ಅಂಡಾಶಯ ತಿರುಚಿಕೊಳ್ಳುವುದರ ಬಗ್ಗೆ. ಸಿಸ್ಟಿನ ಭಾರಕ್ಕೆ ಅಂಡಾಶಯ ತನ್ನ ತೊಟ್ಟಿನ ಮೇಲೆ ಸುತ್ತಿಕೊಂಡರೆ ರಕ್ತ ಹರಿಯುವುದು ನಿಲ್ಲುತ್ತದೆ. ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಜೊತೆಗೆ ವಾಂತಿ, ತಲೆಸುತ್ತು ಬಂದರೆ ಬೆಳಗಾಗಲೆಂದು ಕಾಯಕೂಡದು. ಕೇಳುವಾಗ ಸರಳ. ಆದರೆ ಬಸಿರಿಯ ವಾಂತಿ ಯಾವುದು, ತಿರುಚಿದ ಅಂಡಾಶಯದ ವಾಂತಿ ಯಾವುದು? ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಿದಾಗಲೆಲ್ಲ ಕೈ ತಾನಾಗಿ ಬಲಗಡೆಯ ಕಿಬ್ಬೊಟ್ಟೆಗೆ ಹೋಗುತ್ತಿತ್ತು. ನೋವಿದೆಯೇ ಎಂದು ಒತ್ತಿ ನೋಡುವುದು, ಇಲ್ಲವೆಂದಾದ ಮೇಲೆ ಮಲಗುವುದು. ನೀರಿನ ಕೊಡ, ಒದ್ದೆ ಬಟ್ಟೆಯ ಬಕೆಟ್ಟು ಎಲ್ಲವನ್ನೂ ಗಂಡ ಎತ್ತಿದರು. ರಾತ್ರಿ ಕರೆದರೆ ಬರುವ ಆಟೋದವರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು. ಪಕ್ಕದ ಮನೆಯವರು ಗಡ್ಡೆ ಕರಗಿಸುವ ಕಷಾಯವನ್ನು ಪ್ರೀತಿಯಿಂದಲೇ ತಂದುಕೊಟ್ಟರು. ಕುಡಿಯಲಿಲ್ಲ. ಏನೇನು ಬೇರು ಹಾಕಿದ್ದಾರೋ ತಿಳಿಯದ ಕಷಾಯ ಬಸಿರಿಯ ಹೊಟ್ಟೆಗೆ ಹೋಗಬಾರದು.

ಹನ್ನೆರಡನೇ ವಾರದ ಸ್ಕ್ಯಾನಿನಲ್ಲಿ ಅದು 3 ಸೆಂಟಿಮೀಟರಿಗೆ ಇಳಿದಿತ್ತು. ಐದನೇ ತಿಂಗಳಲ್ಲಿ ಕಾಣಿಸಲೇ ಇಲ್ಲ.

ಎಲ್ಲರಿಗೂ ಹೀಗೆ ಕರಗುವುದಿಲ್ಲ. ತಪಾಸಣೆಯ ಸಾಲಿನಲ್ಲಿ ಪರಿಚಯವಾದ ಹುಡುಗಿಯೊಬ್ಬಳದು ಒಳಗೆ ಕೊಬ್ಬು, ಕೂದಲು ತುಂಬಿರುವ ಡರ್ಮಾಯ್ಡ್ ಸಿಸ್ಟ್, ತಾನಾಗಿ ಹೋಗುವ ಜಾತಿಯದಲ್ಲ. ನಾಲ್ಕನೇ ತಿಂಗಳಲ್ಲಿ ಒಂದು ರಾತ್ರಿ ನೋವು ಕಾಣಿಸಿಕೊಂಡು, ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲಿ ಸಿಸ್ಟನ್ನಷ್ಟೇ ತೆಗೆದಿದ್ದರು. ಬಸಿರು ಉಳಿದಿತ್ತು, ಅಂಡಾಶಯವೂ ಉಳಿದಿತ್ತು. ‘ಅಮ್ಮ ಬೆಳಗ್ಗೆ ನೋಡೋಣ ಎಂದರು ಅಕ್ಕ, ನಾನು ಕೇಳಲಿಲ್ಲ. ರಾತ್ರಿಯೇ ಹೊರಟುಬಂದೆ’ ಎಂದಳು.