ಹಿರಿಯರ ಮೈಗೂ ಬೇಕು ಕೈಯ ಆರೈಕೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಮಗು ಹುಟ್ಟಿದರೆ ಮೊದಲ ಕೆಲವು ತಿಂಗಳು ಅದು ಯಾರಾದರೊಬ್ಬರ ಕೈಯಲ್ಲೇ ಇರುತ್ತದೆ. ಮೀಯಿಸುವ ಹೆಂಗಸು ಬಚ್ಚಲಿನ ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಣಕಾಲುಗಳ ಮೇಲೆ ಬೋರಲು ಮಲಗಿಸಿ, ಉಗುರುಬೆಚ್ಚಗಿನ ತೆಂಗಿನೆಣ್ಣೆಯನ್ನು ಕುತ್ತಿಗೆಯಿಂದ ಸೊಂಟದವರೆಗೆ ನಿಧಾನವಾಗಿ ನೀವುತ್ತಿದ್ದಂತೆ, ಅಷ್ಟು ಹೊತ್ತು ಕಿರುಚುತ್ತಿದ್ದ ಮಗುವಿನ ಮುಷ್ಟಿ ಬಿಚ್ಚಿಕೊಳ್ಳುತ್ತದೆ. ಅದೇ ಮನೆಯ ಚಾವಡಿಯಲ್ಲಿ ಕೂತಿರುವ, ಎಂಬತ್ತು ದಾಟಿದ ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಬೆಂಗಳೂರಿನಿಂದ ಮಗನ ವಿಡಿಯೋ ಕಾಲ್ ಎಲ್ಲವೂ ಸಿಗುತ್ತವೆ, ಆದರೆ ಬಿ.ಪಿ. ನೋಡುವ ಪಟ್ಟಿಯನ್ನು ಬಿಟ್ಟರೆ ಅವರ ತೋಳನ್ನು ಮುಟ್ಟುವುದು ಬೇರೇನೂ ಇಲ್ಲ. ಇದನ್ನು ಭಾವನೆಯ ಕೊರತೆ ಎಂದಷ್ಟೇ ಹೇಳಿ ಬಿಡಲಾಗದು, ಆರೋಗ್ಯದ ಕೊರತೆಯೂ ಹೌದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಚರ್ಮದಲ್ಲಿ, ಮುಖ್ಯವಾಗಿ ಕೂದಲಿರುವ ಭಾಗಗಳಲ್ಲಿ, ಸಿ-ಟ್ಯಾಕ್ಟೈಲ್ ಎಂಬ ಬಹಳ ಸಣ್ಣ ನರತಂತುಗಳಿವೆ. ಚುಚ್ಚಿದ್ದನ್ನೋ ಒತ್ತಿದ್ದನ್ನೋ ತಕ್ಷಣ ತಿಳಿಸುವುದು ಬೇರೆ ನರಗಳ ಕೆಲಸ. ಇವು ಸಂದೇಶವನ್ನು ನಿಧಾನವಾಗಿ ಒಯ್ದು, ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಇನ್ಸುಲಾ ಎಂಬ ಭಾಗಕ್ಕೆ ಮುಟ್ಟಿಸುತ್ತವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಬಿಸಿಯಿರುವ ಕೈಯಿಂದ ಮೃದುವಾಗಿ ನೀವಿದಾಗ ಇವು ಅತಿ ಹೆಚ್ಚು ಸ್ಪಂದಿಸುತ್ತವೆ. ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈ ಸವರಲು ಏಳೆಂಟು ಸೆಕೆಂಡು ತೆಗೆದುಕೊಂಡರೆ ಸರಿಯಾದ ವೇಗ. ಮೀಯಿಸುವ ಹೆಂಗಸಿನ ಕೈಗೆ ಈ ಲೆಕ್ಕವನ್ನು ಯಾರೂ ಹೇಳಿಕೊಟ್ಟಿಲ್ಲ. ಇನ್ನೂ ಮುಖ್ಯವಾದ ಒಂದು ಸಂಗತಿಯಿದೆ. ವಯಸ್ಸಾದಂತೆ ಬೆರಳ ತುದಿಯ ಸೂಕ್ಷ್ಮತೆ ಕುಗ್ಗುತ್ತದೆ, ಆದರೆ ನಿಧಾನ ಸ್ಪರ್ಶದ ಹಿತ ಕುಗ್ಗುವುದಿಲ್ಲ. ಸ್ವೀಡನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿರಿಯರು ಅದನ್ನು ಕಿರಿಯರಿಗಿಂತ ಹೆಚ್ಚು ಹಿತಕರವೆಂದು ಹೇಳಿದ್ದರು.

ಜರ್ಮನಿ ಮತ್ತು ನೆದರ್ಲ್ಯಾಂಡ್ಸಿನ ಸಂಶೋಧಕರು 212 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಸ್ಪರ್ಶದಿಂದ ನೋವು, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ. ಒಮ್ಮೆಗೆ ಎಷ್ಟು ಹೊತ್ತು ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದೇ ಹೆಚ್ಚು ಮುಖ್ಯವೆಂದೂ ಅದು ಹೇಳುತ್ತದೆ. ವರ್ಷಕ್ಕೊಮ್ಮೆ ಬಂದು ಗಟ್ಟಿಯಾಗಿ ಅಪ್ಪಿಕೊಳ್ಳುವ ಮಕ್ಕಳ ಪ್ರೀತಿಯನ್ನು ನಾನು ಕಡಿಮೆ ಮಾಡುತ್ತಿಲ್ಲ, ಆದರೆ ಮೈಗೆ ಬೇಕಾದದ್ದು ದಿನದಿನದ ಸಣ್ಣ ಸಣ್ಣ ಮುಟ್ಟುವಿಕೆ. ನವಜಾತ ಶಿಶುಗಳಿಗೆ ಅಪ್ಪ ಅಮ್ಮನ ಕೈಯೇ ಹೆಚ್ಚು ಪ್ರಯೋಜನಕಾರಿ. ದೊಡ್ಡವರಲ್ಲಿ ಮಾತ್ರ ಪರಿಚಿತರ ಕೈಗೂ ಆರೋಗ್ಯ ಕಾರ್ಯಕರ್ತರ ಕೈಗೂ ಅಂತಹ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸುಗಳು, ಅಂದರೆ ಗಂಭೀರ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡಲು ಆರೈಕೆ ಮಾಡುವವರು. ಕೇರಳವು 2008ರಲ್ಲಿ ಪಾಲಿಯೇಟಿವ್ ಆರೈಕೆಗೆಂದೇ ನೀತಿಯನ್ನು ರೂಪಿಸಿದ್ದರಿಂದ ಹಾಸಿಗೆ ಹಿಡಿದವರ ಮನೆಗೇ ಇವರು ಬರುತ್ತಾರೆ. ನಾನು ಕಂಡ ಒಬ್ಬರು ಗಾಯದ ಬ್ಯಾಂಡೇಜಿಗೆ ಕೈ ಹಾಕುವ ಮೊದಲು ಮಂಚದ ಅಂಚಿನಲ್ಲಿ ಕೂತು, ಅಡಿಕೆ ಸುಲಿದು ಸುಲಿದು ಕರೆ ಹಿಡಿದ ಆ ಅಜ್ಜಿಯ ಬೆರಳುಗಳನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು, ಕನ್ನಡವೂ ಮಲಯಾಳವೂ ಬೆರೆತ ಮಾತಿನಲ್ಲಿ ತೋಟದ ವಿಚಾರ ಕೇಳುತ್ತಿದ್ದರು. ಅಜ್ಜಿಯ ಉಸಿರು ಸಾವಕಾಶವಾದ ಮೇಲೆಯೇ ಬ್ಯಾಂಡೇಜು ಬಿಚ್ಚುತ್ತಿದ್ದರು.

ಮನೆಯವರಾದ ನಮಗೆ ಸಂಕೋಚ ಅಡ್ಡ ಬರುತ್ತದೆ. ಮಡಿಯ ರೂಢಿಯಲ್ಲಿ ಬೆಳೆದ ಮನೆಗಳಲ್ಲಿ ಹಿರಿಯರಿಂದ ದೂರ ನಿಲ್ಲುವುದೇ ಗೌರವವಾಗಿತ್ತು, ಅಪ್ಪನೂ ಬೆಳೆದ ಮಗನೂ ಭುಜ ತಾಗಿಸಿ ಕೂರುವುದಂತೂ ಅಪರೂಪ. ಆದರೂ ನಮ್ಮಲ್ಲಿ ದಾರಿಗಳಿವೆ: ಕಾಲು ಮುಟ್ಟಿ ನಮಸ್ಕರಿಸಿದಾಗ ತಲೆಯ ಮೇಲೆ ಬರುವ ಕೈಯನ್ನು ಹಿಡಿದುಕೊಳ್ಳಬಹುದು, ತಲೆಗೆ ಎಣ್ಣೆ ಹಚ್ಚಬಹುದು, ಮೆಟ್ಟಿಲಿಳಿಯುವಾಗ ತೋಳು ಕೊಡಬಹುದು.

ಯಾರಿಗೆ ಮುಟ್ಟುವುದು ಇಷ್ಟವಿಲ್ಲವೋ ಅವರನ್ನು ಮುಟ್ಟಬಾರದು. ಬಲವಂತದ ಸ್ಪರ್ಶದಿಂದ ಆತಂಕ ಹೆಚ್ಚಾದೀತು. ಮರೆವಿನ ಕಾಯಿಲೆ ಇರುವವರ ಹಿಂದಿನಿಂದ ಹೋಗಿ ಕೈ ಇಡದೆ, ಎದುರಿಗೆ ಬಂದು, ಹೆಸರು ಹೇಳಿ, ಮುಖ ಕಂಡ ಮೇಲೆ ಮುಟ್ಟಬೇಕು. ಔಷಧಿಯ ಬದಲಿಗೆ ಇದು ಎಂದು ಯಾರೂ ತಿಳಿಯಬಾರದು. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಎಣ್ಣೆ ಹಚ್ಚುವಾಗ ಬೆರಳ ಸಂದುಗಳನ್ನೂ ಹಿಮ್ಮಡಿಯನ್ನೂ ಬೆಳಕಿನಲ್ಲಿ ನೋಡಿ, ಸಂದುಗಳಲ್ಲಿ ಎಣ್ಣೆ ನಿಲ್ಲದಂತೆ ಒರೆಸಬೇಕು. ಅಲ್ಲಿನ ನರಗಳು ಸೋತಿದ್ದರೆ ಗಾಯವಾದದ್ದು ಅವರಿಗೆ ತಿಳಿದಿರುವುದೇ ಇಲ್ಲ, ನಿಮ್ಮ ಕೈಗೇ ಅದು ಮೊದಲು ಸಿಗಬಹುದು.